ಒಬ್ಬನೇ ನಟ, ಎದುರಿಗೆ ಇನ್ನೊಬ್ಬ

ಏಕವ್ಯಕ್ತಿ ಪ್ರಯೋಗದಲ್ಲಿ ಅಪ್ಪ, ಮಗ ಇಬ್ಬರನ್ನೂ ಒಬ್ಬನೇ ಆಡುವಾಗ ಮೊದಲು ಜಾರುವುದು ನೋಟ. ಕುರ್ಚಿಯಲ್ಲಿ ಕೂತ ಅಪ್ಪ ನಿಂತ ಮಗನನ್ನು ತಲೆಯೆತ್ತಿ ನೋಡಬೇಕು, ಮಗ ತಲೆ ತಗ್ಗಿಸಿ ನೋಡಬೇಕು. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ದಣಿದ ಕಣ್ಣು ಎರಡು ಪಾತ್ರಕ್ಕೂ ಒಂದೇ ಎತ್ತರಕ್ಕೆ ಬಂದು ನಿಂತುಬಿಡುತ್ತದೆ. ಅಲ್ಲಿಂದಾಚೆ ಮಾತು ಯಾರದೆಂದು ನೋಡುವವರಿಗೆ ತಿಳಿಯುವುದಿಲ್ಲ.

ಅದಕ್ಕೇ ಇಂಥದೊಂದು ಅಪ್ಪ-ಮಗನ ನಾಟಕದ ಬಳ್ಳಾರಿ ಪ್ರದರ್ಶನದ ದಿನ ಬೆಳಿಗ್ಗೆ ಲೈಟು ಕಟ್ಟುವ ಮೊದಲು ಗುರುತು ಹಾಕುವ ಕೆಲಸ ನಡೆಯಿತು. ತಂಡದ ಒಬ್ಬ ಹುಡುಗ ಮಗನ ಜಾಗದಲ್ಲಿ ನಿಲ್ಲುತ್ತಾನೆ. ನಟ ಕುರ್ಚಿಯಲ್ಲಿ ಕೂತು ಅವನ ಮುಖ ನೋಡುತ್ತಾನೆ. ಹುಡುಗ ಸರಿದ ಮೇಲೆ ಆ ನೋಟ ಸಭಾಂಗಣದ ಗೋಡೆಯನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿಗೆ ಒಂದು ತುಂಡು ಬಿಳಿ ಟೇಪು. ಮಗನ ನೋಟಕ್ಕೆ ಗುರುತು ರಂಗದ ನೆಲದ ಮೇಲೇ ಬೀಳುತ್ತದೆ. ಎರಡೂ ಗುರುತು ಪ್ರೇಕ್ಷಕರ ಕಡೆಗೆ ಓರೆಯಾಗಿರಬೇಕು. ನೇರ ಸೈಡ್‌ವಿಂಗ್ (ರಂಗದ ಪಕ್ಕದ ಮರೆ) ಕಡೆ ತಿರುಗಿದರೆ ಅರ್ಧ ಸಭೆಗೆ ನಟನ ಕಿವಿಯಷ್ಟೇ ಕಾಣುತ್ತದೆ. ಊರು ಬದಲಾದರೆ ರಂಗದ ಎತ್ತರ, ಗೋಡೆಯ ದೂರ ಎರಡೂ ಬದಲು. ಆದ್ದರಿಂದ ಪ್ರತಿ ಊರಲ್ಲೂ ಇದನ್ನು ಹೊಸದಾಗಿಯೇ ಮಾಡಬೇಕು.

ನಾಟಕದ ಅಪ್ಪ ಸಿರುಗುಪ್ಪ ಕಡೆಯ ಭತ್ತದ ರೈತ, ಮಗ ತೋರಣಗಲ್ಲಿನ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು. ರಂಗದ ಮೇಲೆ ಕೈಯಿರುವ ಒಂದು ಮರದ ಕುರ್ಚಿ, ಒಂದು ಟವೆಲು, ನೀರು ತುಂಬಿದ ಚೆಂಬು. ಟವೆಲು ಹೆಗಲ ಮೇಲಿದ್ದರೆ ಅಪ್ಪ, ಕೈಯಲ್ಲಿದ್ದರೆ ಮಗ. ಮಾತು ಬಿರುಸಾದಾಗ ಮಾತ್ರ ಟವೆಲು ಮುಟ್ಟಬಾರದು, ಆಗ ನೋಟವೇ ಸಾಕು. ಪ್ರತಿ ಸಾಲಿಗೂ ಟವೆಲು ಜಾಗ ಬದಲಿಸುತ್ತಿದ್ದರೆ ಜಗಳ ಕವಾಯತಿನಂತೆ ಕಾಣುತ್ತದೆ. ಅಪ್ಪನಿಗಾಗಿ ದನಿ ದಪ್ಪ ಮಾಡುವುದಂತೂ ಬೇಡವೇ ಬೇಡ. ಎಪ್ಪತ್ತು ನಿಮಿಷದ ನಾಟಕದಲ್ಲಿ ಗಂಟಲು ಅರ್ಧಕ್ಕೇ ಕೈಕೊಡುತ್ತದೆ. ಅಪ್ಪ ನಿಧಾನ ಮಾತಾಡಲಿ, ಮಗ ಅವನ ಸಾಲು ಮುಗಿಯುವ ಮೊದಲೇ ಬಾಯಿ ಹಾಕಲಿ. ಚೆಂಬಿನಲ್ಲಿ ನಿಜವಾದ ನೀರೇ ಇರಬೇಕು. ಅಪ್ಪ ನೀರು ಕುಡಿಯುವ ಜಾಗ ಸಂಭಾಷಣೆಯಲ್ಲೇ ಇದ್ದರೆ ನಟನ ಗಂಟಲಿಗೂ ಬಿಡುವು ಸಿಗುತ್ತದೆ.

ಅತ್ಯಂತ ಕಷ್ಟದ್ದು ದುಡ್ಡು ಕೊಡುವ ದೃಶ್ಯ. 'ಯಪ್ಪಾ, ಇದನ್ನ ಇಟ್ಕೋ' ಎಂದು ಮಗ ನೋಟುಗಳನ್ನು ಕುರ್ಚಿಯ ಕೈ ಮೇಲಿಡುತ್ತಾನೆ. ನಟ ಕುರ್ಚಿಯನ್ನು ಹಿಂದಿನಿಂದ ಸುತ್ತಿ ಬಂದು ಕೂರುತ್ತಾನೆ. ಕೂತವನು ಈಗ ಅಪ್ಪ. ನೋಟಿನ ಪಕ್ಕದಲ್ಲೇ ಕೈಯಿಟ್ಟು, ಅದನ್ನು ಮುಟ್ಟದೆ, 'ಬ್ಯಾಡಲೇ, ನಿನ್ನ ಖರ್ಚಿಗಿರ್ಲಿ' ಅನ್ನುತ್ತಾನೆ. ಸುತ್ತಿ ಬರುವಾಗ ಅವಸರ ಮಾಡಿದರೆ ತನ್ನ ದುಡ್ಡನ್ನು ತಾನೇ ಇಸಕೊಂಡಂತೆ ಕಂಡು ಜನ ನಗುತ್ತಾರೆ. ಕೂತ ಮೇಲೆ ಮೂರು ಉಸಿರಿನಷ್ಟು ಸುಮ್ಮನಿರಬೇಕು. ಕೊಟ್ಟ ಮಗ ಇನ್ನೂ ಎದುರಿಗೆ ನಿಂತಿದ್ದಾನೆ ಎಂಬ ನಂಬಿಕೆ ಹುಟ್ಟುವುದು ಆ ಹೊತ್ತಿನಲ್ಲೇ. ಈ ನಾಟಕದ ಜೀವ ಅಲ್ಲಿದೆ, ಅದಕ್ಕೆ ಎಷ್ಟು ಅಭ್ಯಾಸ ಮಾಡಿದರೂ ಕಡಿಮೆಯೇ. ಬಿಡಿ ನೋಟು ಇಟ್ಟರೆ ಫ್ಯಾನಿನ ಗಾಳಿಗೆ ಹಾರುತ್ತವೆ, ಮಡಿಸಿ ರಬ್ಬರ್ ಬ್ಯಾಂಡ್ ಹಾಕಿರಬೇಕು.

ಬಳ್ಳಾರಿಯ ಬೇಸಿಗೆಯಲ್ಲಿ ಫ್ಯಾನು ನಿಲ್ಲಿಸುವ ಮಾತೇ ಇಲ್ಲ. ಅದರ ಸದ್ದು ಮೆಲುಮಾತನ್ನು ನುಂಗುತ್ತದೆ, ಹಾಗಾಗಿ ವೇಗ ತಗ್ಗಿಸಿ ಮೈಕು ಇಡುವುದೇ ದಾರಿ. ಕಾಲರ್ ಮೈಕು ಬೆವರಿಗೆ ಒದ್ದೆಯಾಗಿ ಕೆಡುತ್ತದೆ, ಹೆಗಲ ಟವೆಲು ತಾಗಿದರೆ ಗರಗರ ಅನ್ನುತ್ತದೆ. ರಂಗದ ಅಂಚಿನಲ್ಲಿ ನೆಲದ ಮೈಕು ಇಟ್ಟರೆ ಈ ಎರಡೂ ತೊಂದರೆ ತಪ್ಪುತ್ತವೆ. ಸಾವಿರ ವಾಟಿನ ಆರು ಲೈಟಿಗೆ 230 ವೋಲ್ಟಿನಲ್ಲಿ ಸುಮಾರು 26 ಆಂಪಿಯರ್ ಬೇಕು, 16 ಆಂಪಿಯರ್ ಸಾಕೆಟ್ಟು ಒಂದೇ ಅದನ್ನು ತಡೆಯದು. ಮೂರು ಮೂರರಂತೆ ಬೇರೆ ಬೇರೆ ಲೈನಿಗೆ ಹಂಚಬೇಕು. ಅಪ್ಪನಿಗೊಂದು ಬಣ್ಣ, ಮಗನಿಗೊಂದು ಬಣ್ಣ ಹಾಕುವ ಆಸೆ ಬರುತ್ತದೆ, ಹಾಕಬಾರದು. ಮಾತಿಗೊಮ್ಮೆ ಬಣ್ಣ ಬದಲಾದರೆ ಜನ ಮುಖ ಬಿಟ್ಟು ಲೈಟು ನೋಡುತ್ತಾರೆ.

ಇದು ರಂಗನಟ ಬಳ್ಳಾರಿ ರಾಘವರ (1880–1946) ಊರು. ವಕೀಲರಾಗಿದ್ದ ಅವರು ಹೆಸರು ಮಾಡಿದ ಪಾತ್ರಗಳಲ್ಲಿ ಹಿರಣ್ಯಕಶಿಪುವೂ ಒಂದು. ಬಯಲಾಟ ನೋಡಿ ಬೆಳೆದ ಇಲ್ಲಿನವರಿಗೆ ರಂಗದ ಮೇಲಿನ ಅಪ್ಪ ಅಂದರೆ ಅಬ್ಬರಿಸುವವನು. ಮೆಲ್ಲಗೆ ಮಾತಾಡುವ ಅಪ್ಪನಿಗೆ ಅವರ ಕಿವಿ ಒಗ್ಗಲು ಹತ್ತು ನಿಮಿಷವಾದರೂ ಬೇಕು. ಹಾಗಾಗಿ ಕಥೆಗೆ ಮುಖ್ಯವಾದ ಮಾತುಗಳನ್ನು ಆ ಹತ್ತು ನಿಮಿಷದ ಒಳಗೆ ಇಡಬಾರದು. ಈ ಪ್ರದರ್ಶನದಲ್ಲಿ ಅಲ್ಲಿ ಅಪ್ಪನ ಹೊಲದ ಮಾತು, ಕಾಲುವೆ ನೀರಿನ ಮಾತು ಮಾತ್ರ ಇತ್ತು.

ಸಾಲು ಮರೆತರೆ ಎತ್ತಿಕೊಡಲು ಎದುರು ನಟ ಇರುವುದಿಲ್ಲ. ಆದ್ದರಿಂದ ಪ್ರತಿ ಭಾಗವನ್ನೂ ಒಂದು ಜಾಗಕ್ಕೆ ಗಂಟು ಹಾಕಬೇಕು: ಸಾಲದ ಮಾತು ಕುರ್ಚಿಯ ಹಿಂದೆ, ಅವ್ವನ ಮಾತು ಚೆಂಬಿನ ಹತ್ತಿರ. ಮಾತು ತಪ್ಪಿದಾಗ ಕಾಲು ಆ ಜಾಗಕ್ಕೆ ಹೋದರೆ ಸಾಲು ತಾನಾಗಿ ಬರುತ್ತದೆ.

ನಾಟಕ ಮುಗಿದ ಮೇಲೆ ಜನರನ್ನು 'ಹೆಂಗಿತ್ತು?' ಎಂದು ಕೇಳಿದರೆ 'ಚೊಲೋ ಇತ್ತು' ಅನ್ನುತ್ತಾರೆ, ಅದರಿಂದ ನಟನಿಗೆ ಉಪಯೋಗವಿಲ್ಲ. ಮಾತಾಡುತ್ತಿರುವುದು ಅಪ್ಪನೋ ಮಗನೋ ಅಂತ ಎಲ್ಲಿ ಗೊತ್ತಾಗಲಿಲ್ಲ ಎಂದು ಕೇಳಬೇಕು. ಬಳ್ಳಾರಿಯವರು ಬೆರಳು ಮಾಡಿದ್ದು ಬಸ್‌ಸ್ಟ್ಯಾಂಡಿನ ದೃಶ್ಯದ ಕಡೆಗೆ. ಅಲ್ಲಿ ಅಪ್ಪ, ಮಗ ಇಬ್ಬರೂ ನಿಂತೇ ಮಾತಾಡುತ್ತಾರೆ, ನೋಟದ ಎತ್ತರ ಒಂದೇ. ಇನ್ನು ಮುಂದೆ ಆ ದೃಶ್ಯದಲ್ಲಿ ಅಪ್ಪ ಟ್ರಂಕಿನ ಮೇಲೆ ಕೂರುತ್ತಾನೆ.