ಅಕ್ಕಿ ಫ್ರೀ, ಖಾತ್ರಿ ಕೆಲಸ ಅದ, ಡ್ಯಾಮೂ ಅವ, ಆದ್ರೂ ನಿಮ್ಮ ಕಡಿ ಮಂದಿ ಗುಳೆ ಯಾಕ ಬರ್ತಾರ?

ಬೆಂಗಳೂರಾಗ ನಾ ಯಾದಗಿರಿ ಜಿಲ್ಲಾ ಸುರಪುರದವ ಅಂತ ಗೊತ್ತಾದ ಕೂಡ್ಲೇ ಬರೋ ಪ್ರಶ್ನಿ ಇದು. ಗುಳೆ ಅಂದ್ರ ಕೂಲಿಗಂತ ಊರು ಬಿಟ್ಟು ಹೋಗೋದು. ಆಫೀಸ್ ಕ್ಯಾಂಟೀನಾಗ ಕೇಳ್ಯಾರ, ಮನಿ ಓನರ್ ಆಂಟಿ ಕೇಳ್ಯಾರ, ಒಬ್ರು ಕ್ಯಾಬ್ ಡ್ರೈವರ್ ಮಾರತಹಳ್ಳಿಯಿಂದ ಸಿಲ್ಕ್ ಬೋರ್ಡ್ ತನಕ ಇದನ್ನೇ ಕೇಳಿದ್ರು, ಆ ಟ್ರಾಫಿಕ್ಕಿನಾಗ ಉತ್ತರ ಹೇಳ್ಲಿಕ್ಕ ಟೈಮಂತೂ ಬೇಕಾದಷ್ಟು ಇತ್ತು. ಕೇಳೋರು ಕೆಟ್ಟ ಮನಸಿನಿಂದ ಕೇಳಲ್ಲ ಬಿಡ್ರಿ. ಆದ್ರ ಕೆಲವ್ರು ಪ್ರಶ್ನಿ ಜೋಡಿ ಉತ್ತರಾನೂ ತಾವೇ ತಂದಿರ್ತಾರ, "ಅಲ್ಲಿ ಜನಕ್ಕೆ ದುಡಿಯೋ ಅಭ್ಯಾಸ ಇಲ್ಲ ಅಲ್ವಾ" ಅಂತ. ದುಡಿಯೋ ಅಭ್ಯಾಸ ಇಲ್ದವ್ರು ಐನೂರು ಕಿಲೋಮೀಟರ್ ದೂರ ಬಂದು ನಿಮ್ಮ ಹನ್ನೆರಡನೇ ಫ್ಲೋರಿಗೆ ಸಿಮೆಂಟ್ ಹೊರ್ತಾರೇನ್ರಿ? ಹೇಳಿ ಹೇಳಿ ಸಾಕಾಗ್ಯದ, ಅದಕ್ಕ ಒಮ್ಮಿ ಬರೆದೇ ಬಿಡೋಣಂತ.

ಊರಾಗ ಕೆಲಸ ಇಲ್ಲ ಅದಕ್ಕ ಬರ್ತಾರ ಅಂತ ಎಲ್ಲಾರೂ ತಿಳಕೊಂಡಾರ. ಅದು ಅರ್ಧ ಖರೆ ಅಷ್ಟೇ. ಸರ್ಕಾರದ ಸರ್ವೆ ತಗದು ನೋಡಿದ್ರ 2023-24ರಾಗ ಕರ್ನಾಟಕದ ನಿರುದ್ಯೋಗ ನೂರಕ್ಕ ಮೂರಕ್ಕಿಂತ ಕಡಿಮಿ. ಯಾಕಂದ್ರ ಬಡವ್ರಿಗೆ ಕೆಲಸ ಇಲ್ದೆ ಕುಂದ್ರೋ ಭಾಗ್ಯ ಇಲ್ಲ, ಇವತ್ತು ಹತ್ತಿ ಬಿಡಸ್ಲಿಕ್ಕ ಹೋದ್ರು, ನಾಳೆ ಕಸ ತಗೀಲಿಕ್ಕ ಹೋದ್ರು, ಅಂತೂ ಸರ್ವೆದವ್ರು ಬಂದು ಕೇಳಿದಾಗ "ಕೆಲಸ ಮಾಡ್ತೀವ್ರಿ" ಅಂತಾರ, ಅದು ಸುಳ್ಳೂ ಅಲ್ಲ. ಅದೇ ಹೊತ್ತಿಗೆ ನೀತಿ ಆಯೋಗದ 2023ರ ಬಡತನದ ರಿಪೋರ್ಟ್ ನೋಡ್ರಿ, ಇಡೀ ರಾಜ್ಯದಾಗ ಬಡವರು ನೂರಕ್ಕ 7.58, ಯಾದಗಿರಿ ಜಿಲ್ಲಾದಾಗ ಹತ್ತತ್ರ ನಾಕು ಮಂದ್ಯಾಗ ಒಬ್ರು. ಅಂದ್ರ ದುಡಿಯೋರೂ ಅವ್ರೇ, ಬಡವ್ರೂ ಅವ್ರೇ.

ನನ್ನ ಪ್ರಕಾರ ನಮ್ಮ ಮಂದಿ ಗುಳೆ ಹೋಗೋದು ದಿನದ ಕೂಲಿಗಲ್ಲ, ಗಂಟಿಗೆ. ಒಮ್ಮಿಗೇ ಕೈಗೆ ಸಿಗೋ ದೊಡ್ಡ ರೊಕ್ಕಕ್ಕ. ಮಗಳ ಮದಿವಿ, ಬೋರ್ ಹಾಕ್ಸಿದ ಸಾಲ, ಸ್ಲ್ಯಾಬ್ ತನಕ ಬಂದು ನಿಂತ ಮನಿ, ಕಲಬುರಗಿ ದವಾಖಾನಿ ಬಿಲ್, ಇವು ಯಾವೂ ಮುನ್ನೂರು ಮುನ್ನೂರು ರೂಪಾಯಿ ಲೆಕ್ಕದಾಗ ಬರಲ್ಲ, ಬಂದ್ರ ಲಕ್ಷದಾಗೇ ಬರ್ತಾವ. ಊರಾಗ ದುಡಿದ್ರ ಹೊಟ್ಟಿಗೆ ಆಗ್ತದ, ಗಂಟು ಆಗಲ್ಲ.

ನಮ್ಮ ಓಣ್ಯಾಗಿನ ಒಂದು ಜೋಡಿದು ಲೆಕ್ಕ ಹೇಳ್ತೀನಿ, ಹೆಸರು ಬ್ಯಾಡ. ಎರಡು ಎಕರೆ ಒಣ ಹೊಲ, ಒಂದು ವರ್ಷ ತೊಗರಿ ಬರ್ತದ ಒಂದು ವರ್ಷ ನೆಟಿ ರೋಗ ಬಂದು ಒಣಗ್ತದ. ಮದಿವಿ ಸಾಲ ನೂರಕ್ಕ ಮೂರರ ಬಡ್ಡಿಲೆ, ಅಂದ್ರ ತಿಂಗಳಿಗೆ ಮೂರು, ವರ್ಷಕ್ಕ ಮೂವತ್ತಾರು. ದಸರಾ ಆದಮ್ಯಾಲೆ ಮೇಸ್ತ್ರಿ ಬಂದ, ಕೈಯಾಗ ನಲವತ್ತು ಸಾವಿರ ಅಡ್ವಾನ್ಸ್ ಇಟ್ಟ, ಸಾಲದವಂದು ಬಾಯಿ ಮುಚ್ಚಿತು. ಸಂಕ್ರಾಂತಿ ಮುಗಿಸಿ ಗಂಡ ಹೆಂಡ್ತಿ ಇಬ್ರೂ ಬೆಂಗಳೂರು ಬಸ್ ಹತ್ತಿದ್ರು. ಇಲ್ಲಿ ಸೈಟಿನಾಗ ಅವಂಗ ಏಳುನೂರು ಆಕಿಗೆ ಐನೂರು ಹಿಡೀರಿ (ಒಂದೇ ಬುಟ್ಟಿ ಹೊತ್ರೂ ಆಕಿಗೆ ಕಡಿಮಿ, ಅದೊಂದು ಬ್ಯಾರೆ ಜಗಳ), ತಿಂಗಳಾಗ ಇಪ್ಪತ್ತೈದು ದಿನ ಕೆಲಸ ಸಿಕ್ರ ಮೂವತ್ತು ಸಾವಿರ. ಮೇಸ್ತ್ರಿ ವಾರಕ್ಕೊಮ್ಮಿ ಖರ್ಚಿ ಅಂತ ಸಂತಿಗೆ ಸಾಲೋ ಅಷ್ಟು ಕೊಡ್ತಾನ, ಉಳಿದದ್ದು ತನ್ನ ಹಂತ್ಯಾಕೇ ಇಟ್ಕೊಂಡು ಊರಿಗೆ ಹೊಂಟಾಗ ಲೆಕ್ಕ ಮಾಡಿ ಕೊಡ್ತಾನ. ನಾಕು ತಿಂಗಳು ದುಡಿದು ಖರ್ಚಿ ಕಳದು ಅಡ್ವಾನ್ಸ್ ಕಳದು ಮೂವತ್ತು ಸಾವಿರ ಉಳಿದ್ರ ಹಣಿಬರಹ ಚಲೋ ಇತ್ತು ಅಂತ ತಿಳಕೊಳ್ಳೋದು, ಮತ್ತ ಆ ಲೆಕ್ಕ ಬರೆಯೋ ನೋಟ್‌ಬುಕ್ ಮೇಸ್ತ್ರಿದು, ಪೆನ್ನೂ ಅವಂದೇ.

ಇದು ಮೋಸ ಅಲ್ವಾ ಅಂತ ನೀವು ಕೇಳ್ತೀರಿ. ಭಾಳ ಸಲ ಮೋಸಾನೇ. ಆದ್ರ ಆ ಹೆಣ್ಮಗಳು ನನಗ ಹೇಳಿದ್ದು ಬ್ಯಾರೆ, "ತಮ್ಮಾ, ರೊಕ್ಕ ನನ್ ಕೈಯಾಗ ಇದ್ರ ವಾರಕ್ಕ ಖಾಲಿ, ಅವನ ಹಂತ್ಯಾಕ ಇದ್ರ ಕೂಡ್ತದ" ಅಂತ. ಬ್ಯಾಂಕಿನವ್ರು ಮುಂಗಡ ನಲವತ್ತು ಸಾವಿರ ಇಕಿಗೆ ಕೊಡಲ್ಲ, ಪಂಚಾಯ್ತಿ ಕೊಡಲ್ಲ, ಮೇಸ್ತ್ರಿ ಕೊಡ್ತಾನ, ಜಾಮೀನು ಕೇಳಲ್ಲ, ಯಾಕಂದ್ರ ಜಾಮೀನು ಅವರ ಮೈನೇ. ಇದನ್ನ ಬಿಟ್ಟು ಗುಳೆ ಬಗ್ಗೆ ಮಾತಾಡೋರಿಗೆ ಏನೂ ತಿಳಿಯಲ್ಲ ಅಂತ ನಾ ಖಡಾಖಂಡಿತ ಹೇಳ್ತೀನಿ.

ಈಗ ಖಾತ್ರಿ ಕೆಲಸಕ್ಕ ಬರೋಣ. 2006ರಾಗ ಉದ್ಯೋಗ ಖಾತ್ರಿ ಶುರು ಆದಾಗ ದೇಶದ ಮೊದಲ 200 ಜಿಲ್ಲಾದಾಗ ಬೀದರ್, ಗುಲ್ಬರ್ಗಾ, ರಾಯಚೂರು ಇದ್ವು, ಆಗ ಯಾದಗಿರಿ ಗುಲ್ಬರ್ಗಾದಾಗೇ ಇತ್ತು, ಅಂದ್ರ ನಮಗ ಮೊದಲನೇ ದಿನದಿಂದ ಗೊತ್ತು. ನಾ ಈ ಯೋಜನಿ ಬಯ್ಯೋರ ಪೈಕಿ ಅಲ್ಲ. ಊರಾಗ ಉಳಿಯೋ ಮುದುಕ್ರು, ಬಾಣಂತನ ಮುಗಿಸಿದವ್ರು, ಗಂಡ ಬಿಟ್ಟವ್ರು, ಇವರಿಗೆ ಬದು ಹಾಕೋದು ಕೆರಿ ಹೂಳು ತಗಿಯೋದು ಎಷ್ಟು ಆಸರ ಆಗ್ಯದ ಅಂತ ಕಣ್ಣಾರೆ ನೋಡೀನಿ, ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಕೂಲಿ ಅಂತ ನಮ್ಮ ಕಡಿ ಮೊದಲ ಸಲ ಆಗಿದ್ದು ಇದರಾಗೇ ಇರ್ಬೇಕು. ಆದ್ರ ಲೆಕ್ಕ ಹಾಕ್ರಿ. 2025-26ಕ್ಕ ಕರ್ನಾಟಕದ ಕೂಲಿ ದಿನಕ್ಕ 370. ನೂರು ದಿನ ಅಂತಿದ್ರಲ್ಲ, ಅದು ಒಬ್ಬರಿಗಲ್ಲ, ಇಡೀ ಕುಟುಂಬಕ್ಕ. ಗಂಡ ಹೆಂಡ್ತಿ ಕೂಡಿ ಹೋದ್ರ ಐವತ್ತೇ ದಿನಕ್ಕ ಮುಗೀತು. ಪೂರ್ತಿ ನೂರೂ ಸಿಕ್ಕರ ವರ್ಷಕ್ಕ 37,000, ಆ ಜೋಡಿ ಬೆಂಗಳೂರಾಗ ಐದು ವಾರದಾಗ ದುಡಿಯೋ ಅಷ್ಟು. ಅದೂ ಎಲ್ಲಾರಿಗೂ ನೂರು ದಿನ ಎಲ್ಲಿ ಸಿಗ್ತಿತ್ತು? ನಮೂನೆ 6 (ಕೆಲಸ ಕೇಳೋ ಅರ್ಜಿ) ಬರೆದು ಕೊಡ್ಬೇಕು, ಎನ್‌ಎಂಆರ್ (ಹಾಜರಿ ಪಟ್ಟಿ) ತಗೀಬೇಕು, ದಿನಕ್ಕ ಎರಡು ಸಲ ಮೊಬೈಲ್ ಆ್ಯಪಿನಾಗ ಫೋಟೋ ಹೊಡೀಬೇಕು, ನೆಟ್‌ವರ್ಕ್ ಇಲ್ಲಂದ್ರ ಕೂಲಿ ಗುಂಪಿನ ಮುಂದಾಳು ಕಾಯಕ ಬಂಧು ಫೋನ್ ಎತ್ತಿ ಹಿಡಕೊಂಡು ಗುಡ್ಡ ಹತ್ತಬೇಕು. ಹದಿನೈದು ದಿನದಾಗ ಕೂಲಿ ಜಮಾ ಆಗ್ಬೇಕಂತ ಕಾನೂನೇ ಇತ್ತು, ತಿಂಗಳಗಟ್ಟಲೆ ಕಾದಿದ್ದೂ ಉಂಟು. 2023ರಾಗ ರಾಜ್ಯದ 236 ತಾಲೂಕಿನಾಗ 223 ಬರ ಅಂತ ಘೋಷಣೆ ಆತು, ಖಾತ್ರಿ ದಿನ 150 ಮಾಡ್ರಿ ಅಂತ ರಾಜ್ಯದವ್ರು ಕೇಳ್ತಾ ಕುಂತ್ರು, ನಮ್ಮ ಊರಿನವ್ರು ಕಾಯ್ಲಿಲ್ಲ, ಬಸ್ ಹತ್ತಿದ್ರು. 2025ರ ಡಿಸೆಂಬರಿನಾಗ ಇದರ ಜಾಗಕ್ಕ ಹೊಸ ಕಾನೂನು ಪಾಸ್ ಆಗ್ಯದ, ಈಗ 125 ದಿನ ಅಂತ. ಆದ್ರ ಒಕ್ಕಲುತನದ ಸೀಸನ್ನಿನಾಗ 60 ದಿನ ಕೆಲಸ ನಿಲ್ಲಿಸಬಹುದು, ರೊಕ್ಕದಾಗ ರಾಜ್ಯದವ್ರದ್ದೂ ದೊಡ್ಡ ಪಾಲು. ನೋಡೋಣ. ದಿನ ಹೆಚ್ಚಾದ್ರೂ ಅದು ದಿನಗೂಲಿನೇ, ಮುಂಗಡ ಅಂತೂ ಅಲ್ಲ.

ಡ್ಯಾಮ್ ಅವಲ್ಲ ಅಂತಾರ. ಅವ. ತುಂಗಭದ್ರಾ 1953ರಿಂದ ಅದ, ನಮ್ಮ ಕಡಿ ಕೃಷ್ಣಾ ನದಿಗೆ ನಾರಾಯಣಪುರ ಡ್ಯಾಮ್ 1982ರಿಂದ ಅದ. ಸುರಪುರ, ಶಹಾಪುರ, ಸಿಂಧನೂರು ಕಾಲುವಿ ಬದಿ ಬಂದು ನೋಡ್ರಿ, ಕಣ್ಣು ಹರಿಯೋ ತನಕ ನೆಲ್ಲು. ಆದ್ರ ನೀರು ಬಂದದ್ದು ಹೊಲ ಇದ್ದವರಿಗೆ, ಅದೂ ಕಾಲುವಿ ಮ್ಯಾಲಿನ ಕಡಿ ಇದ್ದವರಿಗೆ, ಕಾಲುವಿ ಕೊನಿಗಿರೋ ಟೇಲೆಂಡಿನವ್ರು ಪ್ರತಿ ವರ್ಷ ನೀರಿಗೆ ಧರಣಿ ಕುಂದ್ರೋದು ತಪ್ಪಿಲ್ಲ. ಹೊಲ ಇಲ್ದ ಮಾದಿಗರ ಓಣಿಗೆ, ಲಂಬಾಣಿ ತಾಂಡಾಕ್ಕ, ಆ ನೀರು ಕೂಲಿ ರೂಪದಾಗೇ ಬರ್ಬೇಕು. ನೆಲ್ಲು ಹಚ್ಚೋವಾಗ ಗುತ್ತಿಗಿ ಮ್ಯಾಲೆ ನಾಕು ದಿನ ಭರ್ಜರಿ ಕೆಲಸ, ಕೊಯ್ಯಲಿಕ್ಕ ಮಷೀನ್ ಬಂತು, ಮೊದ್ಲು ಒಂದು ಓಣಿ ಮಂದಿ ಹದಿನೈದು ದಿನ ಕೊಯ್ಯೋದನ್ನ ಈಗ ಎರಡು ದಿನಕ್ಕ ಮುಗಿಸಿ ಮುಂದಿನ ಊರಿಗೆ ಹೋಗ್ತದ. ಹತ್ತಿ ಒಂದೇ ಇನ್ನೂ ಕೈಯಾಗ ಬಿಡಸ್ಬೇಕು, ಅದಕ್ಕೇ ಹತ್ತಿ ಸೀಸನ್ ಮುಗಿಯೋ ತನಕ ಹೆಣ್ಮಕ್ಕಳು ಊರು ಬಿಡಲ್ಲ, ಹತ್ತಿ, ತೊಗರಿ ಎರಡೂ ಮುಗಿದ್ವು ಅಂದ್ರ ಗುಳೆ ಶುರು. 2024ರ ಆಗಸ್ಟಿನಾಗ ತುಂಗಭದ್ರಾದ 19ನೇ ಗೇಟು ಕೊಚ್ಚಿ ಹೋತಲ್ಲ, ಗೇಟು ಎಲ್ಲಾ ಬದಲಿ ಮಾಡ್ಬೇಕಂತ 2025-26ರಾಗ ಎರಡನೇ ಬೆಳಿಗೆ ನೀರೇ ಇಲ್ಲ ಅಂದ್ರು. ರೈತರಿಗೆ ಪರಿಹಾರ ಬೇಕಂತ ಹೋರಾಟ ಆತು, ಸರಿ. ಎರಡನೇ ಬೆಳಿಗೆ ನೆಲ್ಲು ಹಚ್ಚೋ ಹೆಣ್ಮಕ್ಕಳ ಪರಿಹಾರದ ಬಗ್ಗೆ ಯಾರೂ ಮಾತಾಡಿದ್ದು ನನ್ನ ಕಿವಿಗೆ ಬೀಳಲಿಲ್ಲ.

ಗೃಹಲಕ್ಷ್ಮಿ ಎರಡು ಸಾವಿರ, ಅಕ್ಕಿ, ಫ್ರೀ ಬಸ್ಸು, ಇವು ಬಂದಮ್ಯಾಲೆ ಮಂದಿ ದುಡಿಯೋದೇ ಬಿಟ್ರು ಅಂತ ಒಂದು ಕಡಿ ಬೈತಾರ, ಇವು ಕೊಟ್ರೂ ಗುಳೆ ಯಾಕ ನಿಂತಿಲ್ಲ ಅಂತ ಇನ್ನೊಂದು ಕಡಿ ಕೇಳ್ತಾರ, ಎರಡನ್ನೂ ಒಬ್ರೇ ಕೇಳಿದ್ದೂ ಉಂಟು. ಆ ಎರಡು ಸಾವಿರ ಚಲೋ ಕೆಲಸ ಮಾಡ್ಯದ ಅಂತ ನನ್ನ ಅಭಿಪ್ರಾಯ. ನಮ್ಮ ಓಣ್ಯಾಗ ಅದು ಎಲ್ಲಿ ಹೋಗ್ತದ ಗೊತ್ತೇನ್ರಿ? ಸಂಘದ ಕಂತಿಗೆ. ಮೈಕ್ರೋಫೈನಾನ್ಸ್ ಸಾಲಕ್ಕ ನಮ್ಮ ಕಡಿ ಸಂಘ ಅಂತಾರ, ವಾರ ವಾರ ಕಟ್ಟಬೇಕು. ಹೊಲದ ಕೂಲಿ ವಾರ ವಾರ ಬರಲ್ಲ, ಕಂತು ಮಾತ್ರ ಬರ್ತದ. ಒಂದು ಸಂಘದ ಕಂತು ತುಂಬಲಿಕ್ಕ ಇನ್ನೊಂದು ಸಂಘ, ಅದಕ್ಕ ಮತ್ತೊಂದು, ಕಡೀಕ ಮನಿಗೆ ಬೀಗ ಹಾಕಿ ಬೆಂಗಳೂರು. 2025ರ ಫೆಬ್ರವರಿಯಾಗ ಕಿರುಕುಳ ತಡಿಲಿಕ್ಕ ಸರ್ಕಾರ ಸುಗ್ರೀವಾಜ್ಞೆ ತಂತು, ಬಾಗಲಿಗೆ ಬಂದು ಬೈಯೋದು ಕಡಿಮಿ ಆತು ಅಂತಾರ. ಸಾಲ ಅಂತೂ ಹಂಗೇ ಅದ.

ಇನ್ನ ನಿಜಾಮನ ಕಾಲದಿಂದ ಹಿಂದುಳಿದೀವಿ ಅನ್ನೋದು ನಮ್ಮವರದ್ದೇ ಉತ್ತರ. ನನಗ ಅದು ಕೇಳಿ ಕೇಳಿ ಬ್ಯಾಸರ ಬಂದದ. ನಿಜಾಮ ಹೋಗಿ 1948ಕ್ಕ ಹೋದ. 2002ರಾಗ ನಂಜುಂಡಪ್ಪ ಸಮಿತಿಯವ್ರು ರಾಜ್ಯದ ಅತ್ಯಂತ ಹಿಂದುಳಿದ 39 ತಾಲೂಕು ಪಟ್ಟಿ ಮಾಡಿದ್ರು, ಅದರಾಗ 21 ಗುಲ್ಬರ್ಗಾ ವಿಭಾಗದ್ದೇ, ನಮ್ಮ ಸುರಪುರಾನೂ ಇತ್ತು. ಆಮ್ಯಾಲೆ ನಮ್ಮ ಭಾಗದವ್ರಿಗೆ ಸೀಟು, ನೌಕರಿ ಮೀಸಲಿಡೋ ಸಂವಿಧಾನದ 371(ಜೆ) ಬಂತು, ಓದಿದ ನನ್ನಂಥವ್ರಿಗೆ ಸೀಟು ಸಿಕ್ತು, ನೌಕರಿ ಸಿಕ್ತು, ಸುಳ್ಳು ಯಾಕ ಹೇಳ್ಲಿ. ಆದ್ರ ಅದರ ಲಾಭಕ್ಕ ಮೊದ್ಲು ಎಸ್ಸೆಸ್ಸೆಲ್ಸಿ ದಾಟಬೇಕಲ್ಲ. 2024ರ ರಿಸಲ್ಟಿನಾಗ ಯಾದಗಿರಿ ರಾಜ್ಯಕ್ಕ ಕೊನಿ, ಅರ್ಧಕ್ಕರ್ಧ ಹುಡುಗ್ರು ಫೇಲ್. ಫ್ಯಾಕ್ಟರಿ ತಂದ್ರ ಆಗ್ತದ ಅಂತ ನಮ್ಮ ಜಿಲ್ಲಾದ ಕಡೇಚೂರು-ಬಾಡಿಯಾಳದಾಗ ಮೂರು ಸಾವಿರ ಎಕರೆಗಿಂತ ಹೆಚ್ಚು ಜಮೀನು ತಗೊಂಡ್ರು, ಈಗ ಅಲ್ಲಿ ಸುತ್ತಲ ಊರಿನವ್ರು ಕೆಮಿಕಲ್ ವಾಸನಿಗೆ ಮೂಗು ಮುಚ್ಚಕೊಂಡು ಧರಣಿ ಮಾಡ್ತಾರ.

ಹುಡುಗ್ರ ವಿಷಯ ಬಂತಲ್ಲ, ನನಗ ಎಲ್ಲಾದಕ್ಕಿಂತ ಹೊಟ್ಟಿ ಉರಿಯೋದು ಅದು. ಹಾಜರಿ ಪುಸ್ತಕದಾಗ ಹೆಸರು ಊರ ಸಾಲ್ಯಾಗ, ಹುಡುಗಿ ಬೆಳ್ಳಂದೂರಿನ ತಗಡಿನ ಶೆಡ್ಡಿನಾಗ ತಮ್ಮನ್ನ ಎತ್ಕೊಂಡು ಕುಂತಿರ್ತಾಳ. ಅವ್ವ ಅಪ್ಪ ಗುಳೆ ಹೋದ ಹುಡುಗ್ರಿಗೆ ಸೀಸನಲ್ ಹಾಸ್ಟೆಲ್ ಅಂತ ಒಂದು ಯೋಜನಿ ಅದ, ಛಲೋ ಯೋಜನಿ, ಸಂಕ್ರಾಂತಿಗಿಂತ ಮೊದ್ಲು ಬಾಗಲಾ ತಗದ್ರ. ಅಜ್ಜಿ ಇದ್ದ ಮನಿ ಹುಡುಗ್ರು ಊರಾಗ ಉಳಿತಾರ, ಅಜ್ಜಿ ಇಲ್ದವ್ರ ಸಾಲಿ ಅಲ್ಲಿಗೇ ಮುಗೀತು.

ಒಂದು ವಿಚಿತ್ರ ಕೇಳ್ರಿ. ಯಾದಗಿರಿಯಿಂದ ಬಾಜೂಕ ಗಡಿ ದಾಟಿ ತೆಲಂಗಾಣದ ನಾರಾಯಣಪೇಟೆಗೆ ಒಬ್ಬ ಆಳನ್ನ ಕಾಂಟ್ರಾಕ್ಟರ್ ಕರ್ಕೊಂಡು ಹೋದ್ರ ಕಾನೂನಿನ ಪ್ರಕಾರ ಆ ಆಳು ಅಂತರರಾಜ್ಯ ವಲಸೆ ಕಾರ್ಮಿಕ. ಐನೂರು ಕಿಲೋಮೀಟರ್ ಬೆಂಗಳೂರಿಗೆ ಬಂದವ ಏನೂ ಅಲ್ಲ, ಯಾಕಂದ್ರ ರಾಜ್ಯದಾಗೇ ಇದ್ದಾನ. ಅವ್ರು ಎಷ್ಟು ಮಂದಿ ಬಂದ್ರು, ಎಲ್ಲಿ ಅದಾರ ಅಂತ ಬರೆದಿಡೋ ಗರಜೇ ಯಾರಿಗೂ ಇಲ್ಲ.

ಹಂಗಾದ್ರ ನಾವೇನು ಮಾಡ್ಬೇಕು ಅಂತ ಕೆಲವ್ರು ಖರೇನೇ ಮನಸಿಟ್ಟು ಕೇಳ್ತಾರ, ಅವ್ರಿಗೆ ಒಂದು ಕೆಲಸ ಹೇಳ್ತೀನಿ. ಕಟ್ಟಡ ಕಾರ್ಮಿಕರ ಮಂಡಳಿ ಅಂತ ಒಂದು ಅದ, ಬಿಲ್ಡಿಂಗ್ ಕಟ್ಟೋ ಖರ್ಚಿನ ಮ್ಯಾಲೆ ನೂರಕ್ಕ ಒಂದು ರೂಪಾಯಿ ಸೆಸ್ ಹಾಕಿ ಕೂಡಿಸಿದ ರೊಕ್ಕ ಅದು. ಅದರ ಲೇಬರ್ ಕಾರ್ಡ್ ಇದ್ರ ಮಕ್ಕಳ ಮದಿವಿಗೆ 60,000 ಬರ್ತದ, ಹೆರಿಗಿಗೆ ಬರ್ತದ, ಹುಡುಗ್ರ ಓದಿಗೆ ಬರ್ತದ. ನಾ ಇಷ್ಟೊತ್ತು ಹೇಳಿದ ಗಂಟು ಅಂದ್ರ ಇದೇ, ಸಾಲ ಅಲ್ದ ಗಂಟು. ಕಾರ್ಡ್ ಮಾಡಸ್ಲಿಕ್ಕ 90 ದಿನ ಕೆಲಸ ಮಾಡಿದ ಸರ್ಟಿಫಿಕೇಟ್ ಬೇಕು, ನಾಕು ತಿಂಗಳಿಗೊಮ್ಮಿ ಸೈಟ್ ಬದಲಿ ಮಾಡೋರಿಗೆ ಅದನ್ನ ತರೋದೇ ಕಷ್ಟ, ಮೇಸ್ತ್ರಿ ಕೇಳಿದ್ರ ಕಾಂಟ್ರಾಕ್ಟರ್ ಅಂತಾನ, ಕಾಂಟ್ರಾಕ್ಟರ್ ಕೇಳಿದ್ರ ನಾಳೆ ಅಂತಾನ. ನೀವು ಮನಿ ಕಟ್ಟಸ್ಲಿಕತ್ತಿದ್ರ, ಇಲ್ಲಾ ನಿಮ್ಮ ಅಪಾರ್ಟ್‌ಮೆಂಟಿನಾಗ ಏನರ ಕೆಲಸ ನಡದಿದ್ರ, ಅಲ್ಲಿ ನಮ್ಮ ಕಡೆಯವ್ರು ಇದ್ರ, ಅವ್ರ ಆಧಾರ್ ಝೆರಾಕ್ಸ್ ತಗೊಂಡು ಕಾಂಟ್ರಾಕ್ಟರ್ ಮುಂದ ಕುಂತು ಆ ಒಂದು ಸಹಿ ಮಾಡಿಸಿ ಕೊಡ್ರಿ. ನಿಮ್ಮ ಬಿಲ್ ಬಾಕಿ ಇದ್ದಾಗ ಕೇಳಿದ್ರ ಬೇಗ ಮಾಡ್ತಾನ.