ಬಾಲ್ಟಿಮೋರಿನ ಬೆಕ್ಕು ಮತ್ತು ಗಾಜಿನ ಅಂಚಿನ ನೆರಳು

ಅಮೆರಿಕದ ಬಾಲ್ಟಿಮೋರಿಗೆ ಬಂದ ಮೊದಲ ಚಳಿಗಾಲದಲ್ಲಿ ಹಗಲಿಡೀ ನನಗೆ ಜೊತೆಯಾಗಿದ್ದದ್ದು ಮನೆಯೊಡತಿಯ ಬೂದು ಬೆಕ್ಕು. ಕಿಟಕಿಯಾಚೆಯ ಮರದಲ್ಲಿ ಅಳಿಲು ಅಲುಗದೆ ಕುಳಿತಿದ್ದರೆ ಅದು ಅರೆಗಣ್ಣು ಮುಚ್ಚಿ ಬಿಸಿಲು ಕಾಯುತ್ತಿತ್ತು. ಅಳಿಲಿನ ಬಾಲ ಒಮ್ಮೆ ಮಿಸುಕಿದರೆ ಸಾಕು, ಬೆಕ್ಕಿನ ಕಿವಿ ನಿಮಿರಿ ಮೈಯೆಲ್ಲ ಬಿಗಿಯಾಗುತ್ತಿತ್ತು. ಊರಿನಲ್ಲಿ ಅಜ್ಜಿ ಹಗ್ಗದ ತುದಿ ಎಳೆದು ಮರಿಗಳನ್ನು ಆಡಿಸುತ್ತಿದ್ದದ್ದು ನೆನಪಾಗುತ್ತಿತ್ತು. ಬಿದ್ದ ಹಗ್ಗವನ್ನು ಮರಿಗಳು ಮೂಸಿಯೂ ನೋಡುತ್ತಿರಲಿಲ್ಲ.

ನನ್ನ ಬಸ್ ದಿನವೂ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಹಳೆಯ ಗುಮ್ಮಟದ ಮುಂದೆ ಹಾಯುತ್ತದೆ. ಅಲ್ಲಿನ ವಿಲ್ಮರ್ ನೇತ್ರ ಸಂಸ್ಥೆಯ ನೆಲಮಾಳಿಗೆಯಲ್ಲಿ, 1958ರಲ್ಲಿ, ಕೆನಡಾದ ಡೇವಿಡ್ ಹ್ಯೂಬೆಲ್ ಮತ್ತು ಸ್ವೀಡನ್ನಿನ ಟಾರ್ಸ್ಟನ್ ವೀಸೆಲ್ ಎಂಬ ವಿಜ್ಞಾನಿಗಳು ಒಂದು ನರಕೋಶದೊಡನೆ ಗಂಟೆಗಟ್ಟಲೆ ಹೆಣಗಿದರು. ಅರಿವಳಿಕೆ ಕೊಟ್ಟ ಬೆಕ್ಕಿನ ದೃಷ್ಟಿ ತೊಗಟೆಗೆ, ಅಂದರೆ ಮಿದುಳಿನ ಹಿಂಬದಿಗೆ, ಮೊನಚಾದ ಟಂಗ್‌ಸ್ಟನ್ ತಂತಿ ಇಳಿಸಿದ್ದರು. ಕೋಶ ಮಿಡಿದಾಗಲೆಲ್ಲ ಧ್ವನಿವರ್ಧಕದಲ್ಲಿ ಟಕ್ ಎಂಬ ಸದ್ದು. ಗಾಜಿನ ಪಟ್ಟಿಗೆ ಅಂಟಿಸಿದ ಕಪ್ಪು ಚುಕ್ಕೆಯನ್ನು ತೋರಿಸಿ ನೋಡಿದರು. ಕೋಶ ಸರಿಯಾಗಿ ಓಗೊಡಲಿಲ್ಲ. ಆದರೆ ಆ ಪಟ್ಟಿಯನ್ನು ಉಪಕರಣದೊಳಗೆ ತೂರಿಸುವಾಗ ಒಮ್ಮೆಲೇ ಟಕಟಕನೆ ಸದ್ದಿನ ಮಳೆ! ಚುಕ್ಕೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಗಾಜಿನ ಅಂಚಿನ ಮಸುಕಾದ ನೆರಳು ಒಂದು ಗೆರೆಯಾಗಿ ಸರಿದುಹೋಗಿತ್ತು. ಕೋಶ ಕಾದಿದ್ದದ್ದು ಆ ಗೆರೆಗೆ, ಅದೂ ಒಂದು ನಿರ್ದಿಷ್ಟ ಓರೆಯಲ್ಲಿ, ಸರಿಯುತ್ತಿರುವಾಗ.

ಕೆಲವು ಕೋಶಗಳು ಇನ್ನೂ ಹಟಮಾರಿ. ಗೆರೆ ಎಡದಿಂದ ಬಲಕ್ಕೆ ಸರಿದರೆ ಜೋರಾಗಿ ಮಿಡಿಯುತ್ತವೆ. ಅದೇ ಗೆರೆ ಬಲದಿಂದ ಎಡಕ್ಕೆ ಬಂದರೆ ಮೌನ. ಪಕ್ಕದ ಇನ್ನೊಂದು ಕೋಶಕ್ಕೆ ಬೇರೊಂದು ದಿಕ್ಕು ಇಷ್ಟ. ಈ ಬಗೆಯ ಸಂಶೋಧನೆಗಳಿಗಾಗಿ ಇಬ್ಬರಿಗೂ 1981ರಲ್ಲಿ ನೊಬೆಲ್ ಬಂತು. ಹೆಸರಿಲ್ಲದ ಆ ಬೆಕ್ಕುಗಳನ್ನೂ ನಾನು ಕೃತಜ್ಞತೆಯಿಂದಲೇ ನೆನೆಯುತ್ತೇನೆ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆಯವರು ಮುಂದೆ ನಡೆಸಿದ ಒಂದು ಪ್ರಯೋಗ. ಕ್ಷಣಕ್ಷಣಕ್ಕೂ ಮಿಂಚಿ ಆರುವ ಬೆಳಕಿನಲ್ಲಷ್ಟೇ ಮರಿಗಳನ್ನು ಬೆಳೆಸಿದರು. ಎಲ್ಲವೂ ಬಿಡಿ ಬಿಡಿ ಚಿತ್ರಗಳಾಗಿ ಕಂಡವೇ ಹೊರತು, ಸರಿಯುವ ವಸ್ತು ಒಂದನ್ನೂ ಅವು ನೋಡಲಿಲ್ಲ. ಅವುಗಳ ಮಿದುಳಿನಲ್ಲಿ ದಿಕ್ಕನ್ನು ಗುರುತಿಸುವ ಕೋಶಗಳು ತೀರ ಕಡಿಮೆಯಾಗಿದ್ದವು. ಅಜ್ಜಿ ಎಳೆಯುತ್ತಿದ್ದ ಹಗ್ಗ ಬರಿಯ ಆಟವಾಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ನಿನ್ನೆ ಗಾಳಿಯಿಲ್ಲದೆ ಹಿಮ ಬಿತ್ತು. ಲಕ್ಷಾಂತರ ಹಳುಕುಗಳು, ಎಲ್ಲವೂ ಒಂದೇ ದಿಕ್ಕಿಗೆ, ನಿಧಾನವಾಗಿ. ಬೆಕ್ಕು ಗಾಜಿಗೆ ಮೂಗು ಒತ್ತಿ ಕತ್ತಲಾಗುವವರೆಗೂ ಅಲ್ಲಿಂದ ಕದಲಲಿಲ್ಲ. ನಾನೂ ಪಕ್ಕದಲ್ಲೇ ಕುಳಿತಿದ್ದೆ.