ವೆಬ್‌ಸೈಟ್ ಬೇಕು ಅಂತಾರೆ, ವಿವರ ಕೇಳಿದರೆ ಫೋನ್ ಎತ್ತಲ್ಲ

ಶಿವಮೊಗ್ಗದಲ್ಲಿ ಮನೆಯಲ್ಲೇ ಕೂತು ಸಣ್ಣ ಪುಟ್ಟ ಗಿರಾಕಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ತೀರ್ಥಹಳ್ಳಿ, ಹೊಸನಗರ ಕಡೆಯ ಹೋಂಸ್ಟೇಗಳು, ಸಾಗರದ ಹತ್ತಿರ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುವ ಒಂದು ಮನೆ, ದುರ್ಗಿಗುಡಿಯ ಟ್ಯೂಷನ್ ಕ್ಲಾಸು, ಅಡಿಕೆ ಮಂಡಿ, ಹೀಗೆ. ಕಂಪನಿ ಇಲ್ಲ, ಬೋರ್ಡ್ ಇಲ್ಲ. ಮದುವೆ ಮನೆಗಳಲ್ಲಿ ನೆಂಟರು ಈಗಲೂ "ಎಲ್ಲಾದ್ರೂ ಕೆಲಸ ಆಯ್ತಾ?" ಅಂತಲೇ ಕೇಳುತ್ತಾರೆ.

ಇದಕ್ಕೆ ಹೊಸದಾಗಿ ಇಳಿಯುವ ಹುಡುಗ ಹುಡುಗಿಯರು ಕೇಳುವುದು ಬೇರೆ. ಪುಟದ ವಿನ್ಯಾಸಕ್ಕೆ ಫಿಗ್ಮಾ ಕಲಿಯಲಾ, ಸೈಟ್ ಕಟ್ಟಲು ವರ್ಡ್‌ಪ್ರೆಸ್ ಸಾಕಾ, ಕೋಡಿಂಗ್ ಬರಲೇಬೇಕಾ ಅಂತ. ಯಾವುದಾದರೂ ಕಲಿಯಿರಿ, ತೊಂದರೆ ಇಲ್ಲ. ಆದರೆ ಸಣ್ಣ ಗಿರಾಕಿಗಳ ಜೊತೆ ಡಿಸೈನ್ ಅನ್ನುವುದು ಕೆಲಸದ ಒಂದು ಮೂಲೆ ಅಷ್ಟೇ. ಉಳಿದದ್ದೆಲ್ಲ ಅವರ ತಲೆಯಲ್ಲಿ ಇರುವುದನ್ನು ಹೊರಗೆ ತೆಗೆಸುವುದು, ಫೋಟೊ ತರಿಸುವುದು, ಬರೆಯುವುದು, ಮತ್ತೆ ಫೋನ್ ಮಾಡುವುದು. ಈ ಕೆಲಸಕ್ಕೆ ಯಾರೂ ಬಿಲ್ ಹಾಕುವುದಿಲ್ಲ. ಹಾಕಬೇಕು ಅಂತ ನನ್ನ ವಾದ.

ಹೋಂಸ್ಟೇಯವರನ್ನೇ ತಗೊಳ್ಳಿ. ನಮ್ಮ ಕಡೆ ಹೆಚ್ಚಿನ ಕಡೆ ರೇಟು ತಲೆಗೆ ಇಷ್ಟು, ಊಟ ತಿಂಡಿ ಸೇರಿ. ರೆಡಿ ಸಿಗುವ ಬುಕಿಂಗ್ ಟೆಂಪ್ಲೇಟುಗಳು ಮಾತ್ರ ರೂಮಿನ ಲೆಕ್ಕದಲ್ಲಿ ಓಡುತ್ತವೆ. ಅದನ್ನು ಹಾಗೇ ಹಾಕಿದರೆ, ಎರಡು ರೂಮ್ ಬುಕ್ ಮಾಡಿದವರು ಬೆಂಗಳೂರಿನಿಂದ ಎಂಟು ಜನ ಬಂದು ಇಳಿಯುತ್ತಾರೆ, ಅಡುಗೆಮನೆಯಲ್ಲಿ ನಾಲ್ಕು ಜನಕ್ಕೆ ಕಡುಬು ಬೆಂದಿರುತ್ತದೆ. ಹಾಗಾಗಿ ನಾನು ಮೊದಲು ಬಣ್ಣ, ಲೋಗೊ ಕೇಳುವುದೇ ಇಲ್ಲ. ಮಕ್ಕಳಿಗೆ ಎಷ್ಟು? ಡ್ರೈವರ್ ಮಲಗಲು ಜಾಗ ಇದೆಯಾ? ಕಾರು ಅಂಗಳದವರೆಗೆ ಬರುತ್ತದಾ, ಇಲ್ಲಾ ಕೊನೆಗೆ ಜೀಪೇ ಗತಿಯಾ? ಯಾವ ಸಿಮ್ಮಿಗೆ ಸಿಗ್ನಲ್ ಬರುತ್ತದೆ? ಯುಪಿಐ ನಡೆಯುತ್ತದಾ, ಕ್ಯಾಶ್ ತರಬೇಕಾ? ಇವಕ್ಕೆ ಉತ್ತರ ಸಿಕ್ಕಿದರೆ ಸೈಟು ಅರ್ಧ ಮುಗಿದ ಹಾಗೆ, ಆದರೆ ಆ ಉತ್ತರ ಸಿಗುವಷ್ಟರಲ್ಲಿ ಒಂದು ತಿಂಗಳು ಹೋಗಿರುತ್ತದೆ, ಯಾಕೆಂದರೆ ಯಜಮಾನರಿಗೆ ಗೊತ್ತಿಲ್ಲದ್ದು ಅಮ್ಮನಿಗೆ ಗೊತ್ತಿರುತ್ತದೆ, ಅಮ್ಮ ಕೊಟ್ಟಿಗೆಯಲ್ಲಿ ಇರುತ್ತಾರೆ.

ಫೋಟೊ ಇನ್ನೊಂದು ಕಥೆ. ಆಗುಂಬೆ ಹತ್ತಿರದವರಿಗೆಲ್ಲ ಮೊದಲ ಪುಟದಲ್ಲಿ ಸೂರ್ಯಾಸ್ತವೇ ಬೇಕು. ಗೆಸ್ಟುಗಳು ಫೋನ್ ಮಾಡುವುದು ಮಾತ್ರ ಜುಲೈ, ಆಗಸ್ಟಿನಲ್ಲಿ, ಜೋಗ ತುಂಬಿ ಬೀಳುವಾಗ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರಲ್ಲಿ ಆ ತಿಂಗಳು ಸೂರ್ಯನನ್ನು ಎಲ್ಲಿಂದ ತರೋಣ? ಮಳೆಯ ಫೋಟೊ ಕೊಡಿ, ಜಗುಲಿಯಲ್ಲಿ ಕೂತು ಕಾಫಿ ಕುಡಿಯುವುದು ಕೊಡಿ ಅಂತ ಗೋಗರೆಯುತ್ತೇನೆ. ವಾಟ್ಸ್ಯಾಪಿನಲ್ಲಿ ಹಾಗೇ ಕಳಿಸಿದರೆ ಫೋಟೊ ಕುಗ್ಗಿ ಬರುತ್ತದೆ, ಡಾಕ್ಯುಮೆಂಟ್ ಅಂತ ಒತ್ತಿ ಕಳಿಸಿ ಅಂತ ಪ್ರತಿಯೊಬ್ಬರಿಗೂ ಹೇಳಿಕೊಡಬೇಕು. ಆಮೇಲೆ ಆ ನಾಲ್ಕೈದು ಎಂಬಿ ಫೋಟೊವನ್ನು ನಾನು ವೆಬ್‌ಪಿ ಅನ್ನುವ ಹಗುರ ಫೋಟೊ ಫೈಲ್ ಮಾಡಿ 200 ಕೆಬಿ ಒಳಗೆ ತರುತ್ತೇನೆ. ಘಾಟಿ ರಸ್ತೆಯಲ್ಲಿ ಒಂದು ಕಡ್ಡಿ ಸಿಗ್ನಲ್ ಹಿಡಿದುಕೊಂಡು ದಾರಿ ಹುಡುಕುತ್ತಿರುವವರಿಗೆ ಪುಟ ತೆರೆಯಬೇಕಲ್ಲ.

ಇಂಬಳದ, ಅಂದರೆ ಜಿಗಣೆಯ ವಿಷಯದಲ್ಲಿ ಒಬ್ಬ ಹೋಂಸ್ಟೇ ಯಜಮಾನರ ಜೊತೆ ದೊಡ್ಡ ಚರ್ಚೆಯೇ ಆಯಿತು. ಮಳೆಗಾಲದಲ್ಲಿ ತೋಟಕ್ಕೆ ಇಳಿದರೆ ಇಂಬಳ ಹತ್ತುತ್ತದೆ ಅಂತ ಸೈಟಿನಲ್ಲಿ ಬರೆಯೋಣ ಅಂದೆ. "ನಿಂಗೆ ತಲೆ ಸರಿ ಇದೆಯಾ ಮಾರಾಯ? ಯಾರು ಬರ್ತಾರೆ ಆಮೇಲೆ?" ಅಂದರು. ಬಂದ ಮೇಲೆ ಕಿರುಚಿಕೊಂಡು ಗೂಗಲಿನಲ್ಲಿ ಒಂದು ಸ್ಟಾರ್ ಕೊಟ್ಟು ಹೋಗುವುದಕ್ಕಿಂತ ಇದು ವಾಸಿ ಅಲ್ವಾ ಅಂದೆ. ಕೊನೆಗೆ ಅವರೇ ಒಂದು ಸಾಲು ಹೇಳಿ ಬರೆಸಿದರು: "ಇಂಬಳ ಇದೆ, ಉಪ್ಪು ನಾವೇ ಕೊಡುತ್ತೇವೆ." ಆ ಸೈಟಿನಲ್ಲಿ ನನಗೆ ತುಂಬ ಇಷ್ಟವಾದ ಸಾಲು ಅದು. ನಾನು ಬರೆದದ್ದಲ್ಲ.

ಕನ್ನಡದಲ್ಲಿ ಸೈಟ್ ಬೇಕು ಅನ್ನುವವರು ಸಿಕ್ಕಿದರೆ ಖುಷಿ, ಜೊತೆಗೆ ಸ್ವಲ್ಪ ಭಯ. ಬರಹ ಬರುವುದು ಡಿಟಿಪಿ ಅಂಗಡಿಯಿಂದ, ಹಳೇ ನುಡಿ ಫಾಂಟಿನಲ್ಲಿ, ಪೇಜ್‌ಮೇಕರ್ ಅಥವಾ ಕೋರೆಲ್ ಫೈಲಿನಲ್ಲಿ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿರುತ್ತವೆ. ಫಾಂಟ್ ಇಲ್ಲದ ಮೊಬೈಲಿನಲ್ಲಿ ಅದು ಬರೀ ಗೀಚು. ಗೂಗಲಿಗೂ ಅದು ಕನ್ನಡ ಅಂತ ಗೊತ್ತಾಗುವುದಿಲ್ಲ. ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಸೇರಿತ್ತು, ಆದರೂ ಪ್ರಿಂಟಿಂಗ್ ಪ್ರೆಸ್ಸುಗಳ ಹಳೇ ಅಭ್ಯಾಸ ಸುಲಭಕ್ಕೆ ಹೋಗುತ್ತಿಲ್ಲ. ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಇವೆ, ಆದರೆ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತವೆ, ಕೂತು ಸಾಲು ಸಾಲು ಓದಬೇಕು. ಆಮೇಲೆ ಟೆಂಪ್ಲೇಟಿನ ಸರದಿ. ಇಂಗ್ಲಿಷಿಗೆ ಅಂತ ಮಾಡಿದ ಹೆಡಿಂಗಿನಲ್ಲಿ ಸಾಲಿನ ಅಂತರ ಕಡಿಮೆ, "ರಾಷ್ಟ್ರ" ಅಂತ ಹಾಕಿದರೆ ಕೆಳಗಿನ ಒತ್ತು ಮುಂದಿನ ಸಾಲಿಗೆ ಹೋಗಿ ಗುದ್ದುತ್ತದೆ. ನಾನು ನೋಟೊ ಸಾನ್ಸ್ ಕನ್ನಡ ಫಾಂಟ್ ಹಾಕಿ, ಸಾಲಿನ ಎತ್ತರ 1.7ರ ಆಸುಪಾಸು ಇಟ್ಟು, ಅಕ್ಷರಗಳ ನಡುವಿನ ಅಂತರವನ್ನು ಸೊನ್ನೆ ಮಾಡಿಬಿಡುತ್ತೇನೆ. ಇದಕ್ಕೆಲ್ಲ ಎಷ್ಟು ಹೊತ್ತು ಹೋಯಿತು ಅಂತ ಗಿರಾಕಿಗೆ ಹೇಗೆ ಗೊತ್ತಾಗಬೇಕು? ಅವರ ಕಣ್ಣಿಗೆ ಅದು ಸುಮ್ನೆ ಕನ್ನಡ, ಅಷ್ಟೇ.

ಬೇಡ ಅನ್ನುವುದೂ ಈ ಕೆಲಸದಲ್ಲಿ ಬರುತ್ತದೆ. ಮಂಡಿಯವರೊಬ್ಬರು ದಿನದ ಧಾರಣೆ ಸೈಟಿನಲ್ಲಿ ಬರಬೇಕು ಅಂದರು. ರಾಶಿ, ಬೆಟ್ಟೆ, ಸರಕು, ಗೊರಬಲು, ಅಡಿಕೆಯ ಎಲ್ಲ ಬಗೆಯದ್ದೂ. ದಿನಾ ಯಾರು ಹಾಕುತ್ತಾರೆ ಅಂದರೆ "ನಮ್ಮ ಹುಡುಗ ಇದಾನೆ" ಅಂದರು. ಆ ಹುಡುಗನಿಗೆ ತೂಕ, ಲೆಕ್ಕ, ಚೀಲ ಎಣಿಸುವುದೇ ಮುಗಿಯುವುದಿಲ್ಲ. ಧಾರಣೆ ಹೇಗೂ ವಾಟ್ಸ್ಯಾಪ್ ಗುಂಪುಗಳಲ್ಲಿ ಸಂಜೆಯೊಳಗೆ ಊರೆಲ್ಲ ಸುತ್ತಿರುತ್ತದೆ. ಹೋದ ತಿಂಗಳ ರೇಟು ಸೈಟಿನಲ್ಲಿ ಕೂತಿದ್ದರೆ ನಂಬಿಕೆಯೇ ಹೋಗುತ್ತದೆ, ಆ ಪುಟ ಬೇಡ ಅಂದೆ. ಟ್ಯೂಷನ್ ಕ್ಲಾಸಿನವರಿಗಂತೂ ಸೈಟೇ ಬೇಡ, ಗೂಗಲ್ ಮ್ಯಾಪಿನಲ್ಲಿ ಹೆಸರು, ಟೈಮು, ನಂಬರ್ ಸರಿಯಾಗಿ ಹಾಕಿದರೆ ಸದ್ಯಕ್ಕೆ ಸಾಕು ಅಂತ ಹೇಳಿ, ಅದನ್ನು ಮಾಡಿಕೊಟ್ಟದ್ದಕ್ಕೆ ಸಣ್ಣ ಮೊತ್ತ ತಗೊಂಡೆ.

ದುಡ್ಡಿನ ಲೆಕ್ಕ ನಮ್ಮಲ್ಲಿ ಅಡಿಕೆಯ ಜೊತೆಗೇ ನಡೆಯುತ್ತದೆ. ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸುವ ಗಡಿಬಿಡಿ, ಅದಕ್ಕೆ ಮರ ಹತ್ತುವ ಕೊನೆಗೌಡ ಸಿಗಬೇಕು. ಬಿಸಿಲು ಬಿದ್ದ ದಿನ ಫೋನ್ ಮಾಡಿದರೆ "ಇವತ್ತು ಕೊನೆಗೌಡ ಸಿಕ್ಕಿದಾನೆ, ನಾಳೆ ಮಾತಾಡಣ" ಅಂತ ಇಟ್ಟುಬಿಡುತ್ತಾರೆ. ಅದು ನೆಪ ಅಲ್ಲ, ಆ ದಿನ ತಪ್ಪಿದರೆ ವರ್ಷದ ಫಸಲು ಹೋಗಬಹುದು. ಚಳಿಗಾಲದಲ್ಲಿ ಕೊಯ್ಲು, ಸುಲಿಯುವುದು, ಬೇಯಿಸುವುದು. ಬಾಕಿ ಬರುವುದು ಅಡಿಕೆ ಮಾರಿದ ಮೇಲೆ. ಇದನ್ನು ತಿಳಿದುಕೊಂಡೇ ಅರ್ಧ ದುಡ್ಡು ಮುಂಗಡ ತಗೊಳ್ಳುತ್ತೇನೆ, ಉಳಿದದ್ದು ಸೈಟ್ ಲೈವ್ ಆಗುವ ಮೊದಲು. ತೋಟದವರಿಗೆ ಕಂತು ಮಾಡಿಕೊಡುತ್ತೇನೆ, ಪೇಟೆಯವರಿಗೆ ಇಲ್ಲ.

ಡೊಮೇನ್, ಅಂದರೆ ಸೈಟಿನ ವಿಳಾಸದ ಹೆಸರು, ಮಾತ್ರ ಗಿರಾಕಿಯ ಹೆಸರಲ್ಲಿ, ಅವರ ಇಮೇಲಿನಲ್ಲಿ, ಅವರ ದುಡ್ಡಿನಲ್ಲೇ ಆಗಬೇಕು. ಇದರಲ್ಲಿ ನಾನು ಜಗ್ಗುವುದಿಲ್ಲ. ಕೆಲವರು ತಮ್ಮ ಹೆಸರಲ್ಲಿ ತಗೊಂಡು ಗಿರಾಕಿಯ ಜುಟ್ಟು ಹಿಡಿದುಕೊಳ್ಳುತ್ತಾರೆ, ಅದು ಕೊಳಕು ಕೆಲಸ. ಅವಧಿ ಮುಗಿದು ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸುವ ಕಂಪನಿ) ತೆಗೆದುಹಾಕಿದ ಮೇಲೂ ಡಾಟ್ ಕಾಮ್ ಹೆಸರನ್ನು 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು, ಆಮೇಲೆ 5 ದಿನ ಕಳೆದರೆ ಯಾರು ಬೇಕಾದರೂ ಕೊಳ್ಳಬಹುದು. ಅಲ್ಲಿಯವರೆಗೆ ರಿಜಿಸ್ಟ್ರಾರ್ ಕಳಿಸುವ ನೆನಪೋಲೆಗಳು ಯಾರ ಇನ್‌ಬಾಕ್ಸಿಗೆ ಹೋಗುತ್ತವೆ ಅನ್ನುವುದೇ ಪ್ರಶ್ನೆ. ಹಾಗೇ ಸೈಟಿನ ಸಂಪರ್ಕ ಸುರಕ್ಷಿತವಾಗಿಡುವ ಎಸ್‌ಎಸ್‌ಎಲ್ ಸರ್ಟಿಫಿಕೇಟಿಗೆ ಅಂತ ಪ್ರತಿ ವರ್ಷ ದುಡ್ಡು ಕೇಳುವವರಿದ್ದಾರೆ. ಇಂಥ ಸಣ್ಣ ಸೈಟಿಗೆ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಸರ್ಟಿಫಿಕೇಟ್ ಪುಕ್ಕಟೆ ಸಿಗುತ್ತದೆ, ಒಮ್ಮೆ ಹೊಂದಿಸಿಟ್ಟರೆ ತಾನಾಗಿಯೇ ನವೀಕರಣವೂ ಆಗುತ್ತದೆ.

ಈಗ ನನ್ನ ಕೊಟೇಶನ್ನಿನಲ್ಲಿ ಡಿಸೈನ್ ಒಂದು ಸಾಲು. ಅದರ ಕೆಳಗೆ ವಿವರ ಕೇಳಿ ಬರೆಯುವುದು, ಫೋಟೊ ಆರಿಸಿ ತಿದ್ದುವುದು, ನುಡಿಯಿಂದ ಯೂನಿಕೋಡಿಗೆ ತಂದು ಓದುವುದು, ಮ್ಯಾಪಿನಲ್ಲಿ ಪಿನ್ ಸರಿ ಮಾಡುವುದು, ಎಲ್ಲಕ್ಕೂ ಬೇರೆ ಬೇರೆ ರೇಟು. ನೋಡಿದ ತಕ್ಷಣ ಕೆಲವರು "ನಮ್ಮ ಅಣ್ಣನ ಮಗ ಪುಕ್ಕಟೆ ಮಾಡಿಕೊಡ್ತಾನೆ" ಅಂತ ಎದ್ದು ಹೋಗುತ್ತಾರೆ. ಕೆಲವರು ಪಟ್ಟಿ ನೋಡಿ, ಹಾಗಾದರೆ ಬರಹ ನಾವೇ ಕೊಡ್ತೀವಿ, ಆ ಸಾಲು ತೆಗೀರಿ ಅಂತಾರೆ. ತೆಗೆಯುತ್ತೇನೆ. ಕೊಟ್ಟರೆ ಒಳ್ಳೆಯದೇ. ಕೊಡದಿದ್ದರೆ ಎರಡು ವಾರ ಬಿಟ್ಟು ಅದೇ ಸಾಲನ್ನು ಮತ್ತೆ ಸೇರಿಸಿ ಕಳಿಸುತ್ತೇನೆ, ಆಗ ಯಾರೂ ಚೌಕಾಸಿ ಮಾಡುವುದಿಲ್ಲ.